ಆರು ತೂತಿನ ಸ್ಟ್ಯಾಂಡು

ಶೇವಿಂಗ್ ಬ್ರಷ್ ಒಣಗುವುದಕ್ಕೆ ಚೆನ್ನೈನಲ್ಲಿ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ನನ್ನನ್ನು ಕೇಳಲಿ ಎಂದು ಬಹಳ ದಿನದಿಂದ ಕಾಯುತ್ತಿದ್ದೇನೆ. ಯಾರೂ ಕೇಳಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಹಂದಿಗೂದಲಿನ ಬ್ರಷ್ ಮೇ ತಿಂಗಳ ಧಗೆಯಲ್ಲೂ ಪೂರ್ತಿ ಒಂದು ದಿನ ತೆಗೆದುಕೊಳ್ಳುತ್ತದೆ. ನವೆಂಬರಿನ ಮಳೆಯಲ್ಲಿ ಎರಡು ದಿನವಾದರೂ ಬುಡದಲ್ಲಿ ತೇವ ಹಿಡಿದುಕೊಂಡೇ ಇರುತ್ತದೆ. ಬ್ಯಾಡ್ಜರ್ ಕೂದಲಿನದೂ ಹೆಚ್ಚುಕಡಿಮೆ ಹಾಗೆಯೇ. ಸಿಂಥೆಟಿಕ್ ಆದರೆ ಬೆಳಿಗ್ಗೆ ಕೊಡವಿಟ್ಟರೆ ಸಂಜೆಗೆ ಗರಿಗರಿ. ತೇವ ಆರದ ಬ್ರಷ್ಷನ್ನೇ ದಿನವೂ ಬಳಸುತ್ತ ಹೋದರೆ ಕೂದಲಿನ ಬುಡ ಬೂಷ್ಟು ಹಿಡಿಯುತ್ತದೆ, ನೆನೆದ ಗೋಣಿಚೀಲದ ವಾಸನೆ ಬರುತ್ತದೆ. ಆದ್ದರಿಂದ ಕಡಲತೀರದ ಈ ಊರಿನಲ್ಲಿ ದಿನಾ ಗಡ್ಡ ಮಾಡಿಕೊಳ್ಳುವವನಿಗೆ ಎರಡು ಬ್ರಷ್ ಬೇಕೇ ಬೇಕು, ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿದರೆ ಮೂರು.

ಅಗತ್ಯ ಮೂರು. ನನ್ನ ಬಳಿ ಈಗ ಇರುವುದು ಆರು. ಒಂದು ಕಾಲಕ್ಕೆ ಹತ್ತೊಂಬತ್ತು ಇದ್ದವು. ಈ ಮೂರು ಸಂಖ್ಯೆಗಳ ನಡುವೆ ನಡೆದದ್ದನ್ನು ಬರೆಯಬೇಕು ಅನ್ನಿಸಿದೆ.

ಡಬ್ಬಿ ಒತ್ತಿದರೆ ಬುಸ್ಸೆಂದು ನೊರೆ ಬರುವಾಗ ಬ್ರಷ್ ಯಾಕೆ ಎಂದು ನನ್ನ ಟೀಮಿನ ಹುಡುಗರು ಕೇಳುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಗಡ್ಡ ಬಿಡುವುದೇ ಫ್ಯಾಷನ್ನು, ಇನ್ನರ್ಧ ಟ್ರಿಮ್ಮರ್ ಪಕ್ಷ. ಡಬ್ಬಿಯ ನೊರೆಯಲ್ಲಿ ಗಾಳಿಯೇ ಹೆಚ್ಚು. ಬ್ರಷ್ ಮಾಡುವುದು ಬೇರೆ ಕೆಲಸ. ಅದು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಸೋಪಿನ ಜೊತೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತ, ಮುಖದ ಮೇಲೆ ಸುತ್ತುವಾಗ ಮಲಗಿದ ಕೂದಲನ್ನು ಎಬ್ಬಿಸಿ ಅದರ ಬುಡಕ್ಕೆ ನೀರು ಮುಟ್ಟಿಸುತ್ತದೆ. ಗಡ್ಡದ ಕೂದಲು ನೀರು ಕುಡಿದರೆ ಮೆತ್ತಗಾಗುತ್ತದೆ, ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ. ಅದಕ್ಕೆ ಕೆಲವು ನಿಮಿಷ ಬೇಕು. ಬ್ರಷ್ ಹಿಡಿದವನು ಆ ನಿಮಿಷಗಳನ್ನು ಬೇರೆ ದಾರಿಯಿಲ್ಲದೆ ಕೊಡುತ್ತಾನೆ. ಇಡೀ ವಿದ್ಯೆ ಇಷ್ಟೇ.

ಚೆನ್ನೈನಲ್ಲಿ ಇದಕ್ಕೆ ಇನ್ನೊಂದು ತೊಡಕು, ನೀರು. ನಮ್ಮ ಹಳೇ ಮಹಾಬಲಿಪುರಂ ರಸ್ತೆಯ ಅಪಾರ್ಟ್‌ಮೆಂಟುಗಳಿಗೆ ಬರುವುದು ಟ್ಯಾಂಕರ್ ನೀರು, ಅದೂ ಬಹುಪಾಲು ಬೋರಿನದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ನೊರೆಯಾಗುವ ಬದಲು ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಒಳಗೋಡೆಗೆ ಅಂಟುವುದೂ ಅದೇ, ಬ್ರಷ್ಷಿನ ಬುಡದಲ್ಲಿ ಕೂರುವುದೂ ಅದೇ. 2019ರ ಜೂನ್‌ನಲ್ಲಿ ಊರಿನ ಕೆರೆಗಳೆಲ್ಲ ಬತ್ತಿ, ಕಂಪನಿಗಳು ಆಫೀಸಿಗೆ ಬರಬೇಡಿ ಮನೆಯಲ್ಲೇ ಕೆಲಸ ಮಾಡಿ ಎಂದು ಹೇಳಿದ ದಿನಗಳು ನಿಮಗೆ ನೆನಪಿರಬಹುದು. ಆಗ ನಾನು ಕುಡಿಯುವ ನೀರಿನಲ್ಲಿ ಒಂದೇ ಲೋಟ ಬ್ರಷ್ಷಿಗೆ ಎಂದು ಪಕ್ಕಕ್ಕೆ ಇಟ್ಟುಕೊಂಡೆ. ಆ ಒಂದು ಲೋಟದಲ್ಲಿ ಬ್ರಷ್ ನೆನೆಸಿ, ನೊರೆ ಎಬ್ಬಿಸಿ, ರೇಜರ್ ಅದ್ದಿ, ಕೊನೆಗೆ ಮುಖವನ್ನೂ ಒರೆಸಿಕೊಳ್ಳಬಹುದು. ನಲ್ಲಿ ಬಿಟ್ಟುಕೊಂಡು ಶೇವ್ ಮಾಡುವವರಿಗೆ ಇದು ಗೊತ್ತಾಗುವುದಿಲ್ಲ. ಫಿಲ್ಟರ್ ನೀರಿನಲ್ಲಿ ಎದ್ದ ನೊರೆ ಮಾತ್ರ, ಆಹಾ, ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬಡಾವಣೆಗಳಲ್ಲಿ ಇರುವವರು ದಿನವೂ ಇಂಥದ್ದನ್ನೇ ಕಾಣುತ್ತಾರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಬರ ಮುಗಿದ ಮೇಲೂ ನಾನು ಆ ಲೋಟ ಬಿಡಲಿಲ್ಲ.

ಅಪ್ಪನ ಹತ್ತಿರ ಇದ್ದದ್ದು ಒಂದೇ ಬ್ರಷ್. ಅವರು ಅರಸೀಕೆರೆಯಲ್ಲಿ ರೈಲ್ವೆ ಗೂಡ್ಸ್ ಗಾರ್ಡ್. ಡ್ಯೂಟಿಗೆ ಹೊರಡುವಾಗ ಜೊತೆಗೆ ಒಂದು ಕಬ್ಬಿಣದ ಲೈನ್ ಬಾಕ್ಸ್ ಹೋಗುತ್ತಿತ್ತು. ಅದರಲ್ಲಿ ಕೆಂಪು ಹಸಿರು ಬಾವುಟ, ಕೈದೀಪ, ರೂಲ್ ಪುಸ್ತಕ, ಒಂದು ಪಂಚೆ, ಉಪ್ಪಿನಕಾಯಿ ಶೀಶೆ. ಮೂಲೆಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಬ್ರಷ್. ಪ್ಲಾಸ್ಟಿಕ್ ಹಿಡಿ, ನೈಲಾನ್ ಎಳೆ. ಹುಬ್ಬಳ್ಳಿಯದೋ ಮೈಸೂರಿನದೋ ರನ್ನಿಂಗ್ ರೂಮಿನಲ್ಲಿ ಮುಖಕ್ಷೌರ ಮುಗಿಸಿ, ಬ್ರಷ್ಷಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ತಲೆಕೆಳಗಾಗಿ ನೇತುಹಾಕುತ್ತಿದ್ದರಂತೆ. ಗಾಡಿ ಯಾವಾಗ ಹೊರಡುತ್ತದೆ ಎಂದು ಹೇಳುವವರಿರಲಿಲ್ಲ, ಆದರೆ ಅಷ್ಟರೊಳಗೆ ಬ್ರಷ್ ಒಣಗಿರುತ್ತಿತ್ತು. ಎಳೆಗಳೆಲ್ಲ ಹೊರಕ್ಕೆ ಮಗುಚಿಕೊಂಡು ಜೋಳದ ತೆನೆಯ ಜುಟ್ಟಿನಂತಾದ ಮೇಲೆ ಅದು ಅಮ್ಮನ ಹೊಲಿಗೆ ಮೆಷಿನ್ನಿನ ಧೂಳು ಹೊಡೆಯಲು ವರ್ಗವಾಗುತ್ತಿತ್ತು. ಅಲ್ಲಿಂದ ಮುಂದೆ ಸೈಕಲ್ ಚೈನಿಗೆ. ಆಮೇಲೆ ಕಾಣೆ. ಹಾಗಾಗಿ ಅಪ್ಪನ ಹಳೆಯ ಬ್ರಷ್ ಎಂದು ಕಾಪಿಟ್ಟುಕೊಳ್ಳಲು ನನಗೆ ಏನೂ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ವಸ್ತುಗಳು ಸಾಯುವವರೆಗೂ ದುಡಿಯುತ್ತಿದ್ದವು.

ನನ್ನದು ಶುರುವಾದದ್ದು 2016ರಲ್ಲಿ, ಇಟಲಿಯ ಒಂದು ಬ್ರಷ್ಷಿನಿಂದ. ಬೊಲೊನ್ಯಾ ಊರಿನ ಒಮೆಗಾ ಕಂಪನಿ 1931ರಿಂದ ಬ್ರಷ್ ಮಾಡುತ್ತಿದೆ. ಇಟಲಿಯ ಕ್ಷೌರದಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಅವರ ಹಂದಿಗೂದಲಿನ ಬ್ರಷ್‌ಗಳೇ. 900 ರೂಪಾಯಿಗೆ ಬಂತು. ಮೊದಲ ದಿನ ಮುಖಕ್ಕೆ ಇಟ್ಟರೆ ಪೊರಕೆ! ಜೊತೆಗೆ ಒದ್ದೆ ಹೋತದ ವಾಸನೆ. ವಾಪಸ್ ಕಳಿಸಬೇಕು ಅಂದುಕೊಂಡವನು ಕುತೂಹಲಕ್ಕೆ ಮುಂದುವರಿಸಿದೆ. ಹಂದಿಗೂದಲಿನ ಸ್ವಭಾವ ಅದು. ಅದಕ್ಕೆ ಪಳಗುವ ಕಾಲ ಬೇಕು. ದಿನವೂ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ, ಬಳಸಿ, ಒಣಗಿಸಿ, ಮತ್ತೆ ನೆನೆಸಿ ಮಾಡುತ್ತಿದ್ದರೆ ತಿಂಗಳು ಒಂದೂವರೆ ತಿಂಗಳಿನಲ್ಲಿ ಒಂದೊಂದು ಕೂದಲಿನ ತುದಿಯೂ ಸೀಳಿ ಎರಡು ಮೂರಾಗುತ್ತದೆ. ಬುಡದ ಗಡಸುತನ ಹಾಗೇ ಉಳಿದು ತುದಿ ಮಾತ್ರ ಹತ್ತಿಯಂತಾಗುತ್ತದೆ. ಅಂಗಡಿಯಲ್ಲಿ ಈ ಸ್ಥಿತಿಯಲ್ಲಿ ಕೊಳ್ಳುವುದಕ್ಕೆ ಆಗುವುದಿಲ್ಲ, ಬಳಸಿಯೇ ತಲುಪಬೇಕು. ಸುಮಾರು ನಲವತ್ತನೇ ದಿನ ಇರಬೇಕು, ಕೆನ್ನೆಯ ಮೇಲೆ ಆ ಪೊರಕೆ ಇರಲಿಲ್ಲ, ಬೇರೆ ಏನೋ ಇತ್ತು. ಸಾಫ್ಟ್‌ವೇರ್‌ನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ, ಬಳಸಿದಷ್ಟೂ ಚೆನ್ನಾಗುವ ವಸ್ತು ಅಪರೂಪ. ನಾವು ಕಟ್ಟುವುದೆಲ್ಲ ಬಿಡುಗಡೆಯ ದಿನದಿಂದಲೇ ಹಳಸಲು ಶುರು.

ಅಮ್ಮ ಆ ವರ್ಷ ಚೆನ್ನೈಗೆ ಬಂದಿದ್ದಾಗ ಬಚ್ಚಲಲ್ಲಿ ಬ್ರಷ್ ನೋಡಿ, "ಇದ್ಯಾವುದರ ಕೂದಲೋ?" ಎಂದು ಕೇಳಿದರು. ನಾನು ಹೇಳಿದೆ. ಐದು ಸೆಕೆಂಡು ಸುಮ್ಮನಿದ್ದು, "ಸ್ನಾನಕ್ಕೆ ಮುಂಚೆ ತಾನೇ ಮುಟ್ಟೋದು?" ಅಂದರು. ಹೌದು ಅಂದೆ. "ಹಾಗಾದ್ರೆ ಸರಿ. ದೇವರ ಮನೆ ಕಡೆ ತರಬೇಡ." ಆಚಾರವನ್ನು ಇಷ್ಟು ಚುರುಕಾಗಿ ಪರಿಹರಿಸುವ ಯಾವ ಮ್ಯಾನೇಜರನ್ನೂ ನಾನು ನೋಡಿಲ್ಲ.

ಹಂದಿಗೂದಲು ನಮಗೆ ಹೊರಗಿನದೇನೂ ಅಲ್ಲ. ಕಾನ್ಪುರ ಆ ವ್ಯಾಪಾರದಲ್ಲಿ ಹಳೆಯ ಹೆಸರು. ಉತ್ತರ ಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್ ಎಂಬ ಪುಟ್ಟ ಊರು ಇವತ್ತಿಗೂ ಪೇಂಟ್ ಬ್ರಷ್ ಕಟ್ಟುವುದರಲ್ಲೇ ಜೀವನ ಮಾಡುತ್ತದೆ. ನಿಮ್ಮ ಮನೆಗೆ ಸುಣ್ಣಬಣ್ಣ ಹೊಡೆದ ಬ್ರಷ್ ಆ ಕಡೆಯದೇ ಇದ್ದರೂ ಇರಬಹುದು.

ಒಂದಾದ ಮೇಲೆ ಇನ್ನೊಂದು ಬಂತು. ಪೋರ್ಚುಗಲ್ಲಿನ ಸೆಮೋಗ್, ಬಣ್ಣ ಬಳಿದ ಮರದ ಹಿಡಿಯದು. ಆಮೇಲೆ ಸ್ಪೇನಿನ ಕುದುರೆ ಕೂದಲಿನದು. ಕುದುರೆ ಕೂದಲಿಗೆ ಒಂದು ಕೆಟ್ಟ ಚರಿತ್ರೆ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಒಳ್ಳೆಯ ಬ್ಯಾಡ್ಜರ್ ಕೂದಲು ಸಿಗುವುದು ಕಷ್ಟವಾಗಿ, ಕುದುರೆ ಕೂದಲಿಗೆ ಬಣ್ಣ ಹಾಕಿ ಬ್ಯಾಡ್ಜರಿನಂತೆ ತೋರುವ ಅಗ್ಗದ ಬ್ರಷ್‌ಗಳು ಮಾರುಕಟ್ಟೆಗೆ ಬಂದವು. ಕೂದಲನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ಅದರಲ್ಲಿ ಆಂಥ್ರಾಕ್ಸ್ ರೋಗದ ಬೀಜಾಣುಗಳಿದ್ದವು. ನಮ್ಮ ಕಡೆ ದನಗಳಿಗೆ ಬರುವ ನೆರಡಿ ರೋಗ ಅನ್ನುತ್ತೇವಲ್ಲ, ಅದೇ. ರೇಜರ್ ತಾಗಿ ಆದ ಸಣ್ಣ ಗಾಯ ಸಾಕಾಗಿತ್ತು. ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರಿಗೆ, ಊರಲ್ಲಿದ್ದ ಸಾಮಾನ್ಯ ಜನರಿಗೆ ಕೂಡ, ಮುಖ ಕುತ್ತಿಗೆಯಲ್ಲಿ ಹುಣ್ಣಾಗಿ ಕೆಲವರು ಸತ್ತರು. ಕಂದಕದಲ್ಲಿ ಗುಂಡಿಗೆ ತಪ್ಪಿಸಿಕೊಂಡವನು ಶೇವಿಂಗ್ ಬ್ರಷ್ಷಿನಿಂದ ಸಾಯುವುದೆಂದರೆ ಯಾವ ನ್ಯಾಯ! 1920ರ ಸುಮಾರಿಗೆ ಬ್ರಿಟನ್ ಜಪಾನಿನಿಂದ ಬರುವ ಶೇವಿಂಗ್ ಬ್ರಷ್‌ಗಳ ಆಮದನ್ನೇ ನಿಲ್ಲಿಸಿತು. ಈಗಿನ ಕಂಪನಿಗಳು ಕೂದಲನ್ನು ಶುದ್ಧಿ ಮಾಡಿಯೇ ಕಟ್ಟುತ್ತವೆ. ಆದರೂ ಗೊತ್ತಿಲ್ಲದ ಕಡೆಯಿಂದ ಬಂದ ನೂರು ವರ್ಷದ ಹಳೆಯ ಬ್ರಷ್ಷನ್ನು ನಾನು ಎಷ್ಟೇ ಚೆಂದವಿದ್ದರೂ ಕೆನ್ನೆಗೆ ಹಚ್ಚುವವನಲ್ಲ.

ಬ್ಯಾಡ್ಜರ್ ಈ ಹವ್ಯಾಸದ ರೇಷ್ಮೆ ಸೀರೆ. ಒಂದೊಂದು ಕೂದಲಿಗೂ ಪಟ್ಟಿ ಇರುತ್ತದೆ. ಬುಡ ಕೆನೆಬಣ್ಣ, ನಡುವೆ ಕಪ್ಪು, ತುದಿ ಬಿಳಿ. ನೀರನ್ನು ಹಿಡಿದುಕೊಳ್ಳುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎಂದು ದರ್ಜೆ ಹೇಳುತ್ತಾರೆ. ಎಲ್ಲರೂ ಒಪ್ಪಿದ ಅಳತೆ ಇದಕ್ಕಿಲ್ಲ, ಒಬ್ಬರ ಸೂಪರ್ ಇನ್ನೊಬ್ಬರ ಬೆಸ್ಟ್ ಆಗಿರಬಹುದು. ನಮ್ಮ ಅಪ್ರೈಸಲ್ ರೇಟಿಂಗಿನ ಹಾಗೆ. ನನ್ನಲ್ಲಿ ಇದ್ದದ್ದು ಸಿಂಪ್ಸನ್ ಕಂಪನಿಯ ಕುಳ್ಳ ದಪ್ಪ ಹಿಡಿಯದು. 1919ರಲ್ಲಿ ಲಂಡನ್ನಿನಲ್ಲಿ ಶುರುವಾದ ಆ ಹೆಸರು ಸೋಮರ್‌ಸೆಟ್ಟಿನಲ್ಲಿ ಬಹುಕಾಲ ಇದ್ದು ಈಗ ಐಲ್ ಆಫ್ ಮ್ಯಾನ್ ದ್ವೀಪದಲ್ಲಿದೆ. ಆನ್‌ಸೈಟ್‌ಗೆ ಹೋಗಿದ್ದ ಗೆಳೆಯ ತಂದುಕೊಟ್ಟ. ಬೆಲೆಯನ್ನು ಹೆಂಡತಿಗೆ ಹೇಳುವಾಗ ಪೌಂಡಿನಲ್ಲಿ ಹೇಳಿದೆ.

ಬ್ಯಾಡ್ಜರ್ ಕೂದಲು ಬಹುತೇಕ ಚೀನಾದಿಂದ ಬರುತ್ತದೆ. 2018ರಲ್ಲಿ ಪೇಟಾ ಸಂಸ್ಥೆ ಅಲ್ಲಿಯ ಸಾಕಣೆಯ ಚಿತ್ರಗಳನ್ನು ಹೊರಹಾಕಿದ ಮೇಲೆ ಕೆಲವು ಅಂಗಡಿಗಳು ಆ ಮಾಲು ಮಾರುವುದನ್ನೇ ಬಿಟ್ಟವು. ನನ್ನ ಮಗಳು ಆ ವಿಡಿಯೋ ನೋಡಿದ್ದಳು. ನಮ್ಮ ಕಾವೇರಿ ವನ್ಯಧಾಮದಲ್ಲಿ ತರಕರಡಿ ಎಂಬ ಪ್ರಾಣಿ ಇದೆ, ಬ್ಯಾಡ್ಜರಿಗೆ ದೂರದ ನೆಂಟ ಎಂದು ಅವಳಿಗೆ ಒಮ್ಮೆ ಪಟ ತೋರಿಸಿದ್ದೆ. "ಅಪ್ಪಾ, ಅದರ ನೆಂಟರ ಕೂದಲಲ್ವಾ ನೀನು ಮುಖಕ್ಕೆ ಹಚ್ಕೊಳ್ಳೋದು?" ಎಂದಳು. ಇನ್ನು ಮೇಲೆ ಕೊಳ್ಳುವುದಿಲ್ಲ, ಇರುವುದನ್ನು ಎಸೆದರೆ ಪ್ರಾಣಿ ಬದುಕಿ ಬರುವುದಿಲ್ಲವಲ್ಲ ಎಂದು ಹೇಳಿದೆ. ವಾದ ತಪ್ಪಿಲ್ಲ. ಆದರೆ ಮರುದಿನದಿಂದ ಆ ಬ್ರಷ್ ಕೈಗೆತ್ತಿಕೊಂಡಾಗಲೆಲ್ಲ ಅವಳು ಬಾಗಿಲ ಹತ್ತಿರ ಇದ್ದಾಳೇನೋ ಎಂದು ನೋಡುವಂತಾಯಿತು.

ಸಿಂಥೆಟಿಕ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದಕ್ಕೆ ಅದರ ಅಗತ್ಯವೇ ಇಲ್ಲ. ಅಪ್ಪನ ಕಾಲದ ನೈಲಾನ್ ಅಲ್ಲ ಇದು. ತುದಿಯನ್ನು ಸೂಜಿಯಂತೆ ಸಣ್ಣ ಮಾಡಿದ ನಾರು. ಚೀನಾದ ಯಾಕಿ ಕಂಪನಿಯ ಟಕ್ಸೆಡೊ ಎಂಬ ಕಪ್ಪು ಎಳೆ ಬಿಳಿ ತುದಿಯ ಬ್ರಷ್ ಬಹಳ ಅಗ್ಗ, ನೆನೆಸಬೇಕಾಗಿಲ್ಲ, ಪಳಗಿಸಬೇಕಾಗಿಲ್ಲ, ಪ್ರಾಣಿಯ ಹಂಗಿಲ್ಲ, ಸಂಜೆಗೆ ಒಣಗುತ್ತದೆ. ಎಲ್ಲ ದೃಷ್ಟಿಯಿಂದಲೂ ಸರಿಯಾದ ವಸ್ತು. ಎಲ್ಲ ದೃಷ್ಟಿಯಿಂದಲೂ ಸರಿಯಾಗಿರುವವರ ಜೊತೆ ಸ್ವಲ್ಪ ಬೇಜಾರಾಗುತ್ತದಲ್ಲ, ಹಾಗೆ.

ಹತ್ತೊಂಬತ್ತು ಆದದ್ದು 2020-21ರಲ್ಲಿ. ಮನೆಯೇ ಆಫೀಸಾಗಿ, ಬೆಳಿಗ್ಗೆ ಏಳೂವರೆಗೆ ಮೊದಲ ಕಾಲ್, ರಾತ್ರಿ ಹತ್ತಕ್ಕೆ ಕೊನೆಯದು. ಟೀಮಿನಲ್ಲಿ ಇಬ್ಬರು ತಂದೆಯನ್ನು ಕಳೆದುಕೊಂಡ ತಿಂಗಳು ಅದು. ಅಂಥ ದಿನವೂ ಸ್ಟೇಟಸ್ ರಿಪೋರ್ಟ್ ಹೋಗಬೇಕಿತ್ತು. ಬಚ್ಚಲಿನ ಹದಿನೈದು ನಿಮಿಷ ಬಿಟ್ಟರೆ ಯಾರೂ ಕರೆಯದ ಹೊತ್ತು ನನಗೆ ಇರಲಿಲ್ಲ. ಆ ಹದಿನೈದು ನಿಮಿಷಕ್ಕೆ ಸಿಂಗಾರ ಮಾಡಲು ಹೊರಟೆ ಅಂತ ಕಾಣುತ್ತದೆ. ತಿಂಗಳಿಗೊಂದು ಪಾರ್ಸೆಲ್ ಬರತೊಡಗಿತು. "ಏನ್ರೀ, ಮುಖ ಒಂದೇ ಅಲ್ವೇನ್ರೀ ನಿಮಗೆ?" ಎಂದು ಹೆಂಡತಿ ಕೇಳಿದಳು. ಸೀರೆಗಳ ಲೆಕ್ಕ ಎತ್ತಬಹುದಿತ್ತು, ಎತ್ತಲಿಲ್ಲ. ಇಪ್ಪತ್ತು ವರ್ಷದ ದಾಂಪತ್ಯ ಕಲಿಸಿದ್ದು ಅಷ್ಟಾದರೂ ಇರಬೇಕಲ್ಲ.

ಬದಲಿಗೆ ಒಂದು ಶೀಟ್ ತೆರೆದೆ. ಯಾವ ದಿನ ಯಾವ ಬ್ರಷ್ ಎಂದು ಒಂದು ವರ್ಷ ಬರೆದಿಟ್ಟೆ. ವರ್ಷದ ಕೊನೆಗೆ ನೋಡಿದರೆ ಹತ್ತೊಂಬತ್ತರಲ್ಲಿ ಹನ್ನೊಂದು ಬ್ರಷ್ ಹತ್ತು ಸಲವೂ ನೀರು ಕಂಡಿರಲಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. ಆ ವರ್ಷ ತಂದ ನಾಲ್ಕು ಹಂದಿಗೂದಲಿನ ಬ್ರಷ್‌ಗಳಲ್ಲಿ ಒಂದೂ ಪಳಗಿರಲಿಲ್ಲ. ನಾಲ್ಕಕ್ಕೂ ಸರದಿ ಹಂಚಿಹೋಗಿ ಯಾವುದಕ್ಕೂ ನಲವತ್ತನೇ ದಿನ ಬಂದೇ ಇರಲಿಲ್ಲ. ಇದನ್ನು ನಾನು ಆಫೀಸಿನಲ್ಲಿ ದಿನವೂ ನೋಡುತ್ತೇನೆ. ಟೊಯೋಟಾ ಕಾರ್ಖಾನೆಯಿಂದ ಸಾಫ್ಟ್‌ವೇರಿಗೆ ಬಂದ ಕಾನ್ಬಾನ್ ಪದ್ಧತಿಯಲ್ಲಿ ಒಂದು ನಿಯಮವಿದೆ: ನಡೆಯುತ್ತಿರುವ ಕೆಲಸಗಳಿಗೆ ಮಿತಿ ಹಾಕು. ಬೋರ್ಡಿನ ಆ ಕಂಬಸಾಲಿನಲ್ಲಿ ಮೂರು ಚೀಟಿಗಷ್ಟೇ ಜಾಗ ಎಂದರೆ, ಒಂದು ಮುಗಿಯುವವರೆಗೆ ನಾಲ್ಕನೆಯದನ್ನು ಎತ್ತಿಕೊಳ್ಳುವ ಹಾಗಿಲ್ಲ. ಹೊಸಬರು ಇದನ್ನು ಶಿಕ್ಷೆ ಎಂದು ತಿಳಿಯುತ್ತಾರೆ. ಶುರು ಮಾಡುವ ಸುಖದಿಂದ ಮನುಷ್ಯನನ್ನು ಎಳೆದು ಮುಗಿಸುವ ಕಷ್ಟಕ್ಕೆ ಕೂರಿಸುವ ಉಪಾಯ ಅದು. ನಾನು ವರ್ಷಗಟ್ಟಲೆ ಇತರರಿಗೆ ಇದನ್ನು ಪಾಠ ಮಾಡಿದವನು.

ಹಾಗಾಗಿ ಎರಡು ಮಿತಿ ಹಾಕಿಕೊಂಡೆ. ಒಂದು, ಪಳಗಿಸುವ ಬ್ರಷ್ ಒಂದು ಸಲಕ್ಕೆ ಒಂದೇ. ಎರಡನೆಯದು ಒಟ್ಟು ಸಂಖ್ಯೆ. ಇದನ್ನು ನಿರ್ಧರಿಸುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಮೂರು ಎಂದರೆ ಬರೀ ಅಗತ್ಯ, ಅದರಲ್ಲಿ ಆಸೆಗೆ ಜಾಗವಿಲ್ಲ. ಆಸೆಗೆ ಜಾಗ ಕೊಡದ ಮಿತಿಯನ್ನು ನಾನು ಮೂರು ತಿಂಗಳಲ್ಲಿ ಮುರಿಯುತ್ತೇನೆ ಎಂದು ನನಗೆ ಗೊತ್ತು. ವಾರಕ್ಕೆ ಏಳು ದಿನ, ಏಳಿರಲಿ ಅಂದುಕೊಂಡೆ. "ಮಂಗಳವಾರ ಯಾರಾದ್ರೂ ಗಡ್ಡ ಮಾಡ್ಕೋತಾರೇನೋ?" ಎಂದು ಅಮ್ಮ ಫೋನಿನಲ್ಲಿ ಹೇಳಿದ ಮೇಲೆ ಆರಾಯಿತು. ನಮ್ಮೂರಿನಲ್ಲೂ ಇಲ್ಲಿಯೂ ಕ್ಷೌರದಂಗಡಿಗೆ ಮಂಗಳವಾರ ರಜೆ. ಈ ಒಂದು ವಿಷಯದಲ್ಲಿ ಎರಡು ರಾಜ್ಯಕ್ಕೂ ಜಗಳವಿಲ್ಲ. ಬಡಗಿಯ ಹತ್ತಿರ ತೇಗದ ತುಂಡಿನಲ್ಲಿ ಆರು ತೂತಿನ ಸ್ಟ್ಯಾಂಡ್ ಮಾಡಿಸಿದೆ. ಏಳನೆಯದನ್ನು ನಿಲ್ಲಿಸಲು ಜಾಗವೇ ಇಲ್ಲ. ಕಪಾಟಿನ ಒಳಗೆ ಡಬ್ಬದಲ್ಲಿ ಇಡುವುದೂ ಇಲ್ಲ ಎಂಬುದು ಉಪನಿಯಮ, ಹೆಂಡತಿ ಸೇರಿಸಿದ್ದು.

ಮೂರು ತೂತು ಒಣಗುವ ಸರದಿಗೆ. ಒಂದು ಪಳಗುತ್ತಿರುವ ಹುಡುಗನಿಗೆ. ಉಳಿದ ಎರಡು ಸುಮ್ಮನೆ. ಈ 'ಸುಮ್ಮನೆ' ಎಂಬ ಎರಡು ತೂತುಗಳ ಬಗ್ಗೆ ನನಗೆ ಗೌರವವಿದೆ. ಅವುಗಳಿಗೆ ಕಾರಣ ಕೇಳುವ ಹಾಗಿಲ್ಲ. ಕೇಳಿದರೆ ಕಾರಣ ಹುಟ್ಟಿಕೊಳ್ಳುತ್ತದೆ, ಒಂದು ಕಾರಣ ಹುಟ್ಟಿದರೆ ಹತ್ತು ಬ್ರಷ್‌ಗೆ ಸಾಕಾಗುತ್ತದೆ.

ಹದಿಮೂರು ಹೋಗಬೇಕಿತ್ತು. ಸಹೋದ್ಯೋಗಿಗಳಿಗೆ ನಾಲ್ಕು ಹೋದವು. ಕೆಲವನ್ನು ಬೆಂಗಳೂರಿನ ಇದೇ ಹುಚ್ಚಿನ ಗೆಳೆಯರು ಕೊಂಡರು. ಊರಿಗೆ ಹೋದಾಗ, ನಮ್ಮ ಬೀದಿಯ ಕಟಿಂಗ್ ಶಾಪಿನವರಿಗೆ ಐದು ಬ್ರಷ್ ತೆಗೆದುಕೊಂಡು ಹೋದೆ. ಅವರ ತಂದೆ ನನಗೆ ಮೊದಲ ಕಟಿಂಗ್ ಮಾಡಿದವರು. ಬ್ರಷ್‌ಗಳನ್ನು ಒಂದೊಂದಾಗಿ ಹೆಬ್ಬೆರಳಿನಲ್ಲಿ ಒತ್ತಿ, ಬಗ್ಗಿಸಿ, ಮೂಸಿ ನೋಡಿದರು. ಹಂದಿಗೂದಲಿನ ಮೂರನ್ನು ವಾಪಸ್ ಕೊಟ್ಟರು. "ಇದು ಮನೇಲಿ ಒಬ್ಬರೇ ಇಟ್ಕೊಳೋ ಸಾಮಾನು ಸಾರ್. ನನಗೆ ಒಂದು ಮುಖ ಆದ್ಮೇಲೆ ಡೆಟಾಲ್ ನೀರಲ್ಲಿ ಅದ್ದಿ ಇನ್ನೊಂದಕ್ಕೆ ಹಾಕ್ಬೇಕು. ಇವು ಒಣಗಲ್ಲ." ಸಿಂಥೆಟಿಕ್ ಎರಡನ್ನು ಇಟ್ಟುಕೊಂಡರು. ಅವರ ಕನ್ನಡಿಯ ಮುಂದೆ ಆವರೆಗೆ ಇದ್ದದ್ದು ಒಂದೇ ಬ್ರಷ್, ದಿನಕ್ಕೆ ಮೂವತ್ತು ನಲವತ್ತು ಮುಖ ನೋಡುವಂಥದ್ದು. ನಾನು ಒಂದು ವರ್ಷದಲ್ಲಿ ಹತ್ತೊಂಬತ್ತು ಬ್ರಷ್‌ನಿಂದ ಮಾಡಿದ್ದನ್ನು ಅವರು ಒಂದರಿಂದ ಹತ್ತು ದಿನದಲ್ಲಿ ಮಾಡುತ್ತಾರೆ.

ಅಪ್ಪನಿಗೆ ಪಾರ್ಕಿನ್ಸನ್ಸ್ ಎಂದು ಗೊತ್ತಾಗಿದ್ದು 2021ರ ಕೊನೆಯಲ್ಲಿ. ಮರುವರ್ಷ ಇಬ್ಬರನ್ನೂ ಚೆನ್ನೈಗೆ ಕರೆತಂದೆವು. ಆ ಜನವರಿಯಲ್ಲೇ ರೈಲ್ವೆ ಇಲಾಖೆ ಗಾರ್ಡ್ ಹುದ್ದೆಯ ಹೆಸರನ್ನು ಟ್ರೇನ್ ಮ್ಯಾನೇಜರ್ ಎಂದು ಬದಲಿಸಿತ್ತು. "ನಾನೂ ಮ್ಯಾನೇಜರೇ ಕಣೋ ಈಗ" ಎಂದು ಅಪ್ಪ ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ. ತಮಾಷೆ ಇರಲಿಲ್ಲವೆಂದಲ್ಲ, ಆ ಕಾಯಿಲೆ ಮುಖದ ಸ್ನಾಯುಗಳನ್ನು ಬಿಗಿ ಮಾಡಿ ಮುಖವಾಡದಂತೆ ಮಾಡುತ್ತದೆ. ಒಳಗೆ ನಗುತ್ತಿದ್ದಾರೆಯೇ ಇಲ್ಲವೇ ಎಂದು ಈಗ ಧ್ವನಿಯಿಂದ ತಿಳಿದುಕೊಳ್ಳಬೇಕು.

ಅವರಿಗೆ ಶೇವ್ ಮಾಡುವ ಕೆಲಸ ನನಗೆ ಬಂತು. ಟ್ರಿಮ್ಮರಿನಲ್ಲಿ ನಾಲ್ಕು ನಿಮಿಷದ ಕೆಲಸ. ಡಾಕ್ಟರೂ ಅದನ್ನೇ ಹೇಳಿದರು. ಅಪ್ಪನೂ, "ಮೆಷಿನ್ ಇದೆಯಲ್ಲ, ಅದರಲ್ಲೇ ಒಂದು ಸಲ ಎಳೆದುಬಿಡು, ನಿನಗೆ ಆಫೀಸಿಲ್ವಾ" ಅಂದರು. ಎರಡು ವಾರ ಹಾಗೆಯೇ ನಡೆಯಿತು. ಕುರ್ಚಿಯಲ್ಲಿ ಕೂತಿರುತ್ತಿದ್ದರು, ಬಲಗೈ ತೊಡೆಯ ಮೇಲೆ ಗುಳಿಗೆ ಉರುಳಿಸಿದಂತೆ ಅದುರುತ್ತಿತ್ತು, ನಾನು ಮುಖವನ್ನು ಅತ್ತ ಇತ್ತ ತಿರುಗಿಸುತ್ತಿದ್ದೆ. ಅವರಿಗೆ ಮಾಡಲು ಏನೂ ಇರಲಿಲ್ಲ.

ಪಾರ್ಕಿನ್ಸನ್ಸ್ ನಡುಕದ ಒಂದು ವಿಚಿತ್ರ ಇದೆ. ಅದು ಕೈ ಸುಮ್ಮನಿದ್ದಾಗ ಹೆಚ್ಚು. ಕೈ ಬೇಕೆಂದು ಒಂದು ಕೆಲಸಕ್ಕೆ ಹೊರಟರೆ ಹೆಚ್ಚಿನವರಲ್ಲಿ ನಡುಕ ತಗ್ಗುತ್ತದೆ. ಡಾಕ್ಟರು ಹೇಳಿದ್ದರು, ನಾನು ತಲೆಯಾಡಿಸಿದ್ದೆ. ಒಂದು ಭಾನುವಾರ ನನ್ನ ಟಕ್ಸೆಡೊ ಬ್ರಷ್ಷಿಗೆ ನೊರೆ ಮಾಡಿ ಅವರ ಕೈಗೆ ಕೊಟ್ಟೆ. ಮೊದಲು ಹಿಡಿ ಜಾರಿ ಬಿತ್ತು, ತೀರಾ ಸಪೂರ. ಸಿಂಪ್ಸನ್ನಿನ ದಪ್ಪ ಹಿಡಿ ಕೊಟ್ಟೆ. ಅಂಗೈ ತುಂಬ ಹಿಡಿದುಕೊಂಡು ಕೆನ್ನೆಗೆ ಒತ್ತಿ ನಿಧಾನಕ್ಕೆ ಸುತ್ತಿಸಿದರು. ಬ್ರಷ್ ಮುಖಕ್ಕೆ ಮುಟ್ಟಿ ತಿರುಗುತ್ತಿರುವಷ್ಟು ಹೊತ್ತು ಕೈ ತಕ್ಕಮಟ್ಟಿಗೆ ನಿಂತಿತ್ತು. ಕೆನ್ನೆ, ಗಲ್ಲ, ಮೂಗಿನ ಕೆಳಗೆ, ಮತ್ತೆ ಕೆನ್ನೆ. ಸಾಕು ಎಂದು ನಾನು ಹೇಳಲಿಲ್ಲ. ಕಿವಿಯವರೆಗೂ ನೊರೆ ಬಳಿದುಕೊಂಡ ಮೇಲೆ ತಾವೇ ನಿಲ್ಲಿಸಿ, "ಹ್ಞೂಂ, ಹೊಡಿ ಗಾಡಿ" ಅಂದರು.

ರೇಜರ್ ಅವರ ಕೈಗೆ ಕೊಡುವ ಹಾಗಿಲ್ಲ. ಬ್ರಷ್ ಕೊಡಬಹುದು. ಶೇವಿಂಗ್‌ನಲ್ಲಿ ಅಪಾಯವಿಲ್ಲದ ಭಾಗ ಅದೊಂದೇ, ಮತ್ತು ಟ್ರಿಮ್ಮರಿನಲ್ಲಿ ಇಲ್ಲದಿರುವುದೂ ಅದೇ.

ಅವರಿಗೆ ಸರಿಹೊಂದುವ ಬ್ರಷ್ ಅಂಗಡಿಯಲ್ಲಿ ಸಿಗಲಿಲ್ಲ. ಸಿಂಪ್ಸನ್ ಹಿಡಿಯೂ ಸಾಬೂನಿನ ಕೈಗೆ ಸ್ವಲ್ಪ ನುಣುಪು. ಮಾಡಿಸುವುದೆಂದು ತೀರ್ಮಾನಿಸಿದೆ. ಸಿಂಥೆಟಿಕ್ ಎಳೆಯ ಕಟ್ಟು ಮಾತ್ರ ಬಿಡಿಯಾಗಿ ಸಿಗುತ್ತದೆ, 24 ಮಿಲಿಮೀಟರ್ ಅಗಲದ್ದು ತರಿಸಿದೆ. ಹಿಡಿಗೆ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿಯ ಬೊಂಬೆ ಮಾಡುವುದು ಹಾಲೆ ಮರದಲ್ಲಿ. ಹಗುರ, ಎಳೆ ನಯ, ಲೇತ್‌ನಲ್ಲಿ ತಿರುಗಿಸಲು ಹೇಳಿಮಾಡಿಸಿದ್ದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ಕೇದಗೆ ಗರಿಯಲ್ಲಿ ಉಜ್ಜಿದರೆ ಹೊಳಪು. ಬುಗುರಿ ಮಾಡುವ ಒಬ್ಬ ಹಿರಿಯರಿಗೆ ಅಪ್ಪನ ಕೈಯ ಅಳತೆಯ ಚಿತ್ರ ತೋರಿಸಿದೆ. "ಬುಗುರಿಯನ್ನೇ ಮೊಳೆ ಇಲ್ಲದೆ ತಲೆಕೆಳಗೆ ನಿಲ್ಲಿಸಿದಂಗೆ, ಅಷ್ಟೇ ತಾನೆ?" ಎಂದು ಹದಿನೈದು ನಿಮಿಷದಲ್ಲಿ ತಿರುಗಿಸಿ ಕೊಟ್ಟರು. ನಡುವೆ ಬೆರಳು ಕೂರುವ ಎರಡು ಗೀರು. ಬಣ್ಣ ಯಾವುದು ಎಂದರು. ಕೆಂಪು, ಹಸಿರು ಅಂದೆ.

ಕಟ್ಟನ್ನು ಅರಾಲ್ಡೈಟ್ ಹಾಕಿ ಕೂರಿಸಿದ್ದು ಮಗಳು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೆಂಪು ಮೇಲೆ ಹಾಕ್ಸಿದೀಯಲ್ಲೋ. ಗಾಡಿ ಎಲ್ಲಿಂದ ಹೊರಡುತ್ತೆ ಹೀಗಾದ್ರೆ?" ಎಂದರು. ಧ್ವನಿಯಿಂದ ಗೊತ್ತಾಯಿತು.

ಸ್ಟ್ಯಾಂಡಿನಲ್ಲಿ ಜಾಗ ಬೇಕಿತ್ತು. "ಮಾವನವರದ್ದು ನಿಮ್ಮ ಲೆಕ್ಕಕ್ಕೆ ಹಿಡೀಬೇಡಿ, ಅದನ್ನ ಬೇರೆ ಲೋಟದಲ್ಲಿಟ್ರಾಯ್ತು" ಎಂದಳು ಹೆಂಡತಿ. ವಿನಾಯಿತಿ ಕೊಡುತ್ತಿರುವವಳು ಉಪನಿಯಮ ಬರೆದವಳೇ. ಆದರೆ ಒಂದು ವಿನಾಯಿತಿಯ ಹಿಂದೆ ಎಷ್ಟು ಬರುತ್ತವೆ ಎಂದು ನನ್ನ ವೃತ್ತಿ ನನಗೆ ಕಲಿಸಿದೆ. ಅದಲ್ಲದೆ ಅಪ್ಪನ ಬ್ರಷ್ ಲೋಟದಲ್ಲಿ ಒಂಟಿಯಾಗಿ ನಿಲ್ಲುವುದು ನನಗೆ ಬೇಡವಾಗಿತ್ತು. 'ಸುಮ್ಮನೆ' ತೂತಿನಿಂದ ಸಿಂಪ್ಸನ್ ತೆಗೆದೆ. ಬೆಂಗಳೂರಿನ ಗೆಳೆಯನೊಬ್ಬ ಅರ್ಧ ಬೆಲೆಗೆ ಕೊಂಡ. ಪಾರ್ಸೆಲ್ ಕಟ್ಟುವ ಮುಂಚೆ ಕೊನೆಯ ಸಲ ಬಳಸಲೋ ಎಂದು ಕೈಗೆತ್ತಿಕೊಂಡವನು, ಒಣಗಲು ಎರಡು ದಿನ ಬೇಕಲ್ಲ ಎಂದು ಹಾಗೇ ಕಟ್ಟಿದೆ. ಮಗಳು ವಿಳಾಸ ಬರೆದುಕೊಟ್ಟಳು.

ಆಮೇಲೆ ಹೊಸದು ಕೊಂಡಿಲ್ಲ ಎಂದಲ್ಲ. ಹೋದ ವರ್ಷ ಇನ್ನೊಂದು ಸೆಮೋಗ್ ಬಂದಿದೆ, ಒಂದು ಹಳೆಯದು ಹೋಗಿದೆ. ಅದಕ್ಕೆ ಈಗ ಮೂವತ್ತೊಂದನೇ ದಿನ. ತುದಿ ಸೀಳಲು ಶುರುವಾಗಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ಅರಗಿನ ಬಣ್ಣಕ್ಕೆ ಒಂದು ದೌರ್ಬಲ್ಯ ಇದೆ. ಬಿಸಿನೀರು ಆಗುವುದಿಲ್ಲ, ಸೋಪಿನ ಕ್ಷಾರಕ್ಕೂ ಅದು ಮೆಲ್ಲಗೆ ಸವೆಯುತ್ತದೆ. ಬೊಂಬೆಗಳನ್ನು ಯಾರೂ ದಿನವೂ ಸಾಬೂನಿನಲ್ಲಿ ತೊಳೆಯುವುದಿಲ್ಲವಲ್ಲ. ಅಪ್ಪನ ಹೆಬ್ಬೆರಳು ಕೂರುವ ಕಡೆ ಕೆಂಪು ಮಾಸಿ ಮರದ ಬಿಳುಪು ಕಾಣತೊಡಗಿದೆ. ಚನ್ನಪಟ್ಟಣದವರಿಗೆ ಫೋನ್ ಮಾಡಿದರೆ, ತನ್ನಿ, ಇನ್ನೊಂದು ಸಲ ಅರಗು ಹಿಡಿಸಿ ಕೊಡುತ್ತೇನೆ, ಅರ್ಧ ಗಂಟೆ ಕೆಲಸ ಅಂದರು. ಅಪ್ಪನನ್ನು ಕೇಳಿದೆ. ಬ್ರಷ್ಷನ್ನು ಬೆಳಕಿಗೆ ಹಿಡಿದು ಆ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. "ಹಿಡಿತ ಈಗಲೇ ಚೆನ್ನಾಗಿದೆ, ಜಾರಲ್ಲ. ಬಿಡು" ಎಂದರು.